ಕೇಳಿದವರಿಗೆ ಇಲ್ಲ ಎನ್ನದ ಊರಿನಲ್ಲಿ ಒಂದು ಪ್ರಾಕ್ಸಿ ಸರ್ವರ್

ನೆಟ್‌ವರ್ಕಿನ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರು ನನ್ನನ್ನು ಮೊದಲು ಕೇಳುವುದು ಯಾವ ಕೋರ್ಸು ಮಾಡಬೇಕು ಎಂದು. ಕೋರ್ಸು ಯಾವುದಾದರೂ ಆಗುತ್ತದೆ. ನಾನು ಈಗ ಏನನ್ನು ಬದಲಿಸುತ್ತಿದ್ದೇನೆ, ಅದು ಕೆಟ್ಟರೆ ಹಿಂದಕ್ಕೆ ಬರುವ ದಾರಿ ಯಾವುದು ಎಂಬೆರಡು ಮಾತನ್ನು ಕೀಲಿ ಒತ್ತುವ ಮೊದಲೇ ಬಾಯಿಬಿಟ್ಟು ಹೇಳಬಲ್ಲವರು ಈ ಕೆಲಸಕ್ಕೆ ಸಲ್ಲುತ್ತಾರೆ. ಹೇಳಲಾರದವರು ಎಷ್ಟು ಓದಿದ್ದರೂ ಒಂದಲ್ಲ ಒಂದು ದಿನ ತಮ್ಮ ಯಂತ್ರದ ಹೊರಗೆ ತಾವೇ ನಿಂತಿರುತ್ತಾರೆ.

ಈ ಪಾಠ ನನಗೆ ಕಂಪ್ಯೂಟರಿನಿಂದ ಬಂದದ್ದಲ್ಲ. ಆದವಾನಿಯ ಟೆಲಿಫೋನ್ ಎಕ್ಸ್‌ಚೇಂಜಿನ ಟ್ರಂಕ್ ಬೋರ್ಡಿನ ಮುಂದೆ ಆಪರೇಟರಾಗಿ ಕುಳಿತ ದಿನಗಳಲ್ಲಿ ಬಂದದ್ದು. ಅಲ್ಲಿ ನಮ್ಮ ಮೇಲ್ವಿಚಾರಕಿ ಕಮಲಾಬಾಯಿ ಎಂಬವರು. ಅವರು ಹಾಕಿದ ಒಂದು ಕಟ್ಟಳೆಯಿತ್ತು. ಎರಡು ಊರುಗಳ ಮಾತನ್ನು ಜೋಡಿಸುವ ಯಾವ ದಾರವನ್ನೂ ಬೋರ್ಡಿನಿಂದ ಕೀಳುವ ಮೊದಲು "ತೆಗೀಲೇನು" ಎಂದು ಪಕ್ಕದವಳನ್ನು ಕೇಳಬೇಕು. ಅವಳು ನೋಡಿ "ತೆಗಿ" ಎಂದ ಮೇಲೆಯೇ ಕೀಳಬೇಕು. ಸಾಲಿನಲ್ಲಿ ಮಾತು ಮುಗಿದಿದೆ ಎಂದು ನಿಮಗೆ ಗೊತ್ತಿದ್ದರೂ ಕೇಳಬೇಕು. ಮೊದಮೊದಲು ನಾವು ಹಿಂದಿನಿಂದ ಅವರ ದನಿಯನ್ನು ಅಣಕಿಸುತ್ತಿದ್ದೆವು. ಒಬ್ಬ ಹತ್ತಿ ವ್ಯಾಪಾರಿ ಬೊಂಬಾಯಿಯ ಆಸ್ಪತ್ರೆಯಲ್ಲಿದ್ದ ಮಗಳೊಂದಿಗೆ ಮಾತಾಡುತ್ತಿದ್ದಾಗ ಆ ಕಟ್ಟಳೆಯಿಂದಲೇ ಅವನ ಮಾತು ತುಂಡಾಗದೆ ಉಳಿಯಿತು. ಅಲ್ಲಿಂದ ಅಣಕಿಸುವುದನ್ನು ಬಿಟ್ಟೆವು.

ಟ್ರಂಕ್ ಬೋರ್ಡು ಹೋಯಿತು. ನಾನು ಇಲಾಖೆ ಬಿಟ್ಟು, ಆದವಾನಿಯಲ್ಲಿ ಒಂದು ಟ್ರಸ್ಟಿನ ಕಚೇರಿಗೆ ಸೇರಿ ಕಂಪ್ಯೂಟರ್ ಕಲಿತೆ. ಆ ಟ್ರಸ್ಟು ಹಳ್ಳಿಯ ಹೆಂಗಸರಿಗೆ ಟೈಪಿಂಗ್ ಕಲಿಸಿ, ಹೊರಗಿನ ಕೆಲಸ ತಂದು ಮಾಡಿಸುತ್ತಿತ್ತು. ಹೊಳಗುಂದ, ನಾಗಲದಿನ್ನೆ, ಮಂತ್ರಾಲಯ ಈ ಮೂರು ಕಡೆ ನಮ್ಮ ಕೇಂದ್ರಗಳು. ಅವುಗಳ ನೆಟ್‌ವರ್ಕಿನ ಹೊಣೆ ನನ್ನದು. ಹುದ್ದೆ ಏರಿದ್ದು, ಇಳಿದದ್ದು ಯಾರಿಗೂ ಉಪಯೋಗವಿಲ್ಲ, ಅದನ್ನು ಬರೆಯುವುದಿಲ್ಲ. ನಿಮಗೆ ಉಪಯೋಗಕ್ಕೆ ಬರುವ ಸಂಗತಿ ಪ್ರಾಕ್ಸಿ ಸರ್ವರಿನದು, ಅದನ್ನು ಹೇಳುತ್ತೇನೆ.

ನಮಗೆ ಬಂದ ದೊಡ್ಡ ಕೆಲಸವೆಂದರೆ ಹೈದರಾಬಾದಿನ ಒಂದು ಆಸ್ಪತ್ರೆಯ ಹಳೆಯ ರೋಗಿಗಳ ಕಾಗದಗಳದು. ವೈದ್ಯರು ಕೈಯಲ್ಲಿ ಬರೆದಿಟ್ಟ ಹಾಳೆಗಳ ಚಿತ್ರವನ್ನು ಇಲ್ಲಿಂದಲೇ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ನೋಡಿ ಟೈಪ್ ಮಾಡಿಕೊಡಬೇಕು. ರೋಗಿಗಳ ವಿಷಯವಾದ್ದರಿಂದ ಆಸ್ಪತ್ರೆಯವರ ಷರತ್ತು ಕಟ್ಟುನಿಟ್ಟು. ತಮಗೆ ಮೊದಲೇ ತಿಳಿಸಿದ ಒಂದೇ ಒಂದು ಇಂಟರ್‌ನೆಟ್ ವಿಳಾಸದಿಂದ ಬಂದವರಿಗೆ ಮಾತ್ರ ಅವರ ಬಾಗಿಲು ತೆರೆಯುತ್ತದೆ. ನಮ್ಮ ಕೇಂದ್ರಗಳಿಗೋ ಸ್ಥಿರವಾದ ವಿಳಾಸವೇ ಇಲ್ಲ. ಹೊಳಗುಂದದಲ್ಲಿ ಮೊಬೈಲ್ ಸಿಮ್ಮಿನ ನೆಟ್ಟು, ಗಾಳಿ ಬೀಸಿದರೆ ಹೋಗುತ್ತದೆ, ಮರಳಿ ಬರುವಾಗ ವಿಳಾಸ ಬದಲಾಗಿರುತ್ತದೆ. ಮೂರು ಕಡೆಯವರೂ ಒಂದೇ ಮನೆಯವರ ಹಾಗೆ ಕಾಣಬೇಕಾದರೆ ನಡುವೆ ಒಂದು ಯಂತ್ರ ಬೇಕು.

ಅದೇ ಪ್ರಾಕ್ಸಿ. ಟ್ರಂಕ್ ಬೋರ್ಡಿನಲ್ಲಿ ಕುಳಿತವಳಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಆದವಾನಿಯ ವ್ಯಾಪಾರಿ ನನಗೆ ಹೇಳುತ್ತಾನೆ, ನಾನು ಅವನ ಪರವಾಗಿ ಬೊಂಬಾಯಿಯನ್ನು ಕರೆಯುತ್ತೇನೆ. ಬೊಂಬಾಯಿಗೆ ಗೊತ್ತಾಗುವುದು ಆದವಾನಿಯ ಬೋರ್ಡು ಕರೆಯಿತು ಎಂದಷ್ಟೇ. ವ್ಯತ್ಯಾಸವೆಂದರೆ ಈಗ ಆ ಬೋರ್ಡನ್ನು ಊರಿನಲ್ಲಿ ಇಡುವುದಿಲ್ಲ. ಎಲ್ಲೋ ದೊಡ್ಡ ಕಂಪನಿಯ ಕಟ್ಟಡದಲ್ಲಿ, ಒಂದು ಭಾರಿ ಕಂಪ್ಯೂಟರಿನೊಳಗೆ ನಮ್ಮ ಪಾಲಿನದೊಂದು ಪುಟ್ಟ ಕಂಪ್ಯೂಟರನ್ನು ಬಾಡಿಗೆಗೆ ಪಡೆಯುತ್ತೇವೆ. ಅದಕ್ಕೆ ಮೈಯಿಲ್ಲ, ಹೆಸರು ಮತ್ತು ವಿಳಾಸ ಮಾತ್ರ. ನಮ್ಮೂರಿನ ಕರೆಂಟು ಹೋದರೂ ಅದು ಎಚ್ಚರವಿರುತ್ತದೆ.

ಅದನ್ನು ಕಟ್ಟಿ ನಿಲ್ಲಿಸಿದವಳು ಸರಸ್ವತಿ. ನಾಗಲದಿನ್ನೆಯ ಹುಡುಗಿ, ತುಂಗಭದ್ರೆಯ ದಂಡೆಯ ಮೇಲೆ ಮನೆ, ಕರ್ನೂಲಿನಲ್ಲಿ ಇಂಜಿನಿಯರಿಂಗ್ ಓದಿ ನಮ್ಮಲ್ಲಿಗೆ ಬಂದವಳು. ನನ್ನ ಕೈಕೆಳಗೆ ದುಡಿದವರಲ್ಲಿ ಅಷ್ಟು ಅಚ್ಚುಕಟ್ಟಾದವರನ್ನು ನಾನು ನೋಡಿಲ್ಲ. ಎಲ್ಲಕ್ಕಿಂತ ಚಿಕ್ಕ ಯಂತ್ರವನ್ನೇ ಆರಿಸಿದಳು, ಸಾಲದಿದ್ದರೆ ಆಮೇಲೆ ದೊಡ್ಡದು ಮಾಡಬಹುದು ಎಂದು. ಅದರ ಮೇಲೆ ಲಿನಕ್ಸ್ ಹಾಕಿದಳು. ಯಂತ್ರ ನಿಂತು ಮತ್ತೆ ಶುರುವಾದರೂ ಬದಲಾಗದ ಹಾಗೆ ವಿಳಾಸವನ್ನು ಮೊದಲೇ ಕಾಯ್ದಿರಿಸಿದಳು. ತಾನು ಒಳಗೆ ಹೋಗುವ ದಾರಿಗೆ ಪಾಸ್‌ವರ್ಡ್ ಬಿಟ್ಟು, ತನ್ನ ಕಂಪ್ಯೂಟರಿನಲ್ಲಿ ಮಾತ್ರ ಇರುವ ಕೀಲಿಯನ್ನು ಇಟ್ಟಳು. ಆಮೇಲೆ ಪ್ರಾಕ್ಸಿಯ ತಂತ್ರಾಂಶ ಹಾಕಿದಳು.

ಬೇಡದವರನ್ನು ಹೊರಗೇ ತಡೆಯುವ ಫೈರ್‌ವಾಲ್ ಹಾಕುವಾಗ ಮಾತ್ರ ನಾನು ಪಕ್ಕದಲ್ಲಿ ಕುಳಿತೆ. ಅವಳಿಗಿಂತ ಮೊದಲು ನಮ್ಮಲ್ಲಿದ್ದ ಒಬ್ಬಾತ ತಾನು ಒಳಬರುವ ಬಾಗಿಲಿಗೆ ಅನುಮತಿ ಕೊಡದೆಯೇ ಫೈರ್‌ವಾಲ್ ಏರಿಸಿಬಿಟ್ಟಿದ್ದ. ಯಂತ್ರ ಒಳಗೆ ಆರೋಗ್ಯವಾಗಿತ್ತು, ಅವನು ಹೊರಗೆ. ಕದ ಮುಚ್ಚಿಕೊಂಡ ಮೇಲೆ ಕೀಲಿ ಒಳಗಿದೆ ಎಂದು ನೆನಪಾದವನ ಮುಖ ಹೇಗಿರುತ್ತದೆಂದು ಅಂದು ಕಂಡೆ. ಸರಸ್ವತಿಗೆ ನಾನು ಟ್ರಂಕ್ ಬೋರ್ಡಿನ ಕಟ್ಟಳೆ ಹೇಳಿದೆ. ಅವಳು ನಕ್ಕಳು, ಆದರೆ ಮರೆಯಲಿಲ್ಲ. ಕೆಟ್ಟರೆ ಹಿಂದಕ್ಕೆ ಬರಲೆಂದು ಪರದೆಯ ಎರಡನೆಯ ಕಿಟಕಿಯಲ್ಲಿ ಇನ್ನೊಂದು ಸಂಪರ್ಕವನ್ನು ತೆರೆದಿಟ್ಟು, ನನ್ನ ಕಡೆ ತಿರುಗಿ "ಹಾಕ್ಲೇನ್ರಿ ಮೇಡಂ" ಎಂದಳು. ನಾನು ನೋಡಿ "ಹಾಕು" ಎಂದೆ. ಅಲ್ಲಿಂದ ಮುಂದೆ ನಮ್ಮ ಕಚೇರಿಯಲ್ಲಿ ಒಂಟಿಯಾಗಿ ಯಾರೂ ಬಾಗಿಲು ಮುಚ್ಚಿದ್ದಿಲ್ಲ.

ಕೆಲಸ ಶುರುವಾಯಿತು. ಹೊಳಗುಂದದ ಕೇಂದ್ರವನ್ನು ನಡೆಸುತ್ತಿದ್ದವಳು ಹುಲಿಗೆಮ್ಮ. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಒಂದು ಕಾಲು ಸೋತಿತ್ತು, ಬಾಯಿ ಸೋತಿರಲಿಲ್ಲ. ಕನ್ನಡ, ತೆಲುಗು, ಇಂಗ್ಲಿಷ್ ಮೂರನ್ನೂ ಒಂದೇ ವೇಗದಲ್ಲಿ ಟೈಪ್ ಮಾಡುತ್ತಿದ್ದಳು. ಕೇಂದ್ರದ ಉಳಿದ ಹೆಂಗಸರು ಹತ್ತಿ ಬಿಡಿಸುವ ಕಾಲಕ್ಕೆ, ಶೇಂಗಾ ಕೀಳುವ ಕಾಲಕ್ಕೆ ರಜೆ ಕೇಳುತ್ತಿದ್ದರು. ಅವಳು ಎಂದೂ ಕೇಳಿದವಳಲ್ಲ. ಯಾಕೆಂದು ನಾನು ಒಮ್ಮೆ ಕೇಳಿದಾಗ ಹೇಳಿದಳು:

"ಅವರಿಗೆ ಹೊಲ ಐತ್ರಿ ಮೇಡಂ. ನನಗ ಈ ಕುರ್ಚಿ ಬಿಟ್ರ ಅಣ್ಣನ ಮನಿ ಪಡಸಾಲಿ ಕಂಬ ಐತಿ. ಅದಕ್ಕ ಒರಗಿ ಕುಂತು ಕುಂತು ಬೆನ್ನಾಗ ಗುರುತು ಬಿದ್ದೈತಿ."

ಮಂತ್ರಾಲಯದ ಕೇಂದ್ರ ಇದ್ದದ್ದು ಒಂದು ಹಳೆಯ ವಸತಿಗೃಹದ ಮಹಡಿಯ ಮೇಲೆ. ಅದನ್ನು ನೋಡಿಕೊಳ್ಳುತ್ತಿದ್ದವರು ರಾಘಣ್ಣ. ಬಹಳ ತಲೆಮಾರಿನಿಂದ ಅಲ್ಲೇ ನೆಲೆಸಿದ ವೈಷ್ಣವ ಮನೆತನ, ಕೆಳಗಿನ ವಸತಿಗೃಹವೂ ಅವರದೇ. ಅವರ ಗುಣವೆಂದರೆ ಎಂಥ ವೈದ್ಯರ ಕೈಬರಹವನ್ನೂ ಓದಿ ಹೇಳುತ್ತಿದ್ದರು. ಮನೆಯಲ್ಲಿ ಹಳೆಯ ಕೈಬರಹದ ಗ್ರಂಥಗಳನ್ನು ಓದಿ ಬೆಳೆದ ಕಣ್ಣು. ಹೊಳಗುಂದದ ಹೆಂಗಸರು ಅಕ್ಷರ ತಿಳಿಯದಿದ್ದಾಗ ಅವರಿಗೇ ಫೋನು ಮಾಡುತ್ತಿದ್ದರು. ನಮ್ಮ ಕೆಲಸದಲ್ಲಿ ತಪ್ಪು ಕಡಿಮೆ ಎಂದು ಆಸ್ಪತ್ರೆಯವರು ಮೆಚ್ಚಿದ್ದರಲ್ಲಿ ಅರ್ಧ ಪಾಲು ಅವರದು.

ಹೀಗೆ ನಡೆಯುತ್ತಿರುವಾಗ ಒಂದು ಬೆಳಗ್ಗೆ ಹುಲಿಗೆಮ್ಮನ ಫೋನು ಬಂತು. ಪರದೆಯ ಮೇಲೆ ಪ್ರವೇಶವಿಲ್ಲ ಎಂದು ಬರುತ್ತಿದೆ, ಎಲ್ಲರೂ ಕೈಕಟ್ಟಿ ಕುಳಿತಿದ್ದಾರೆ ಎಂದಳು. ಸ್ವಲ್ಪ ಹೊತ್ತಿಗೆ ನಾಗಲದಿನ್ನೆಯಿಂದಲೂ ಅದೇ ಮಾತು. ನಮ್ಮ ಯಂತ್ರಕ್ಕೆ ಏನೂ ಆಗಿರಲಿಲ್ಲ. ಆಸ್ಪತ್ರೆಯ ಕಡೆಯ ಅಧಿಕಾರಿ ವೇಣುಗೋಪಾಲ್ ಅವರಿಗೆ ಫೋನು ಮಾಡಿದೆ. ಅವರು ಕೂಗಾಡುವವರಲ್ಲ, ಅದೇ ಹೆಚ್ಚು ಭಯ ಹುಟ್ಟಿಸುವಂತಿತ್ತು. ನಮ್ಮ ವಿಳಾಸದಿಂದ ಯಾರು ಯಾರಿಗೋ ಕಸದ ಸಂದೇಶಗಳು ಹೋಗಿವೆ, ಆ ವಿಳಾಸ ಎಲ್ಲರೂ ನೋಡುವ ಕಪ್ಪುಪಟ್ಟಿಯಲ್ಲಿ ಸೇರಿದೆ, ಅದನ್ನು ಕಂಡು ತಮ್ಮ ಬಾಗಿಲು ತಾನಾಗಿ ಮುಚ್ಚಿಕೊಂಡಿದೆ ಎಂದರು. ವಾರದ ಕೊನೆಗೆ ಸಂಸಾರ ಸಮೇತ ದರ್ಶನಕ್ಕೆ ಮಂತ್ರಾಲಯಕ್ಕೆ ಬರುವವರಿದ್ದರು. ಆಗ ನಮ್ಮ ಕೇಂದ್ರವನ್ನೂ ನೋಡುತ್ತೇನೆ, ಮನಸ್ಸಿಗೆ ಒಪ್ಪಿದರೆ ಬಾಗಿಲು ತೆರೆಸುತ್ತೇನೆ, ಇಲ್ಲದಿದ್ದರೆ ಕೆಲಸ ಬೇರೆ ಊರಿಗೆ ಹೋಗುತ್ತದೆ ಎಂದು ಹೇಳಿ ಫೋನು ಇಟ್ಟರು. ಬೇರೆ ಊರಿನ ಹೆಸರೂ ಅವರ ಬಾಯಲ್ಲಿ ಸಿದ್ಧವಿತ್ತು.

ಸರಸ್ವತಿ ಯಂತ್ರವನ್ನು ಬಯ್ಯಲಿಲ್ಲ, ಯಾರನ್ನೂ ಬಯ್ಯಲಿಲ್ಲ. ನಮ್ಮ ಪ್ರಾಕ್ಸಿಯ ಹೆಸರು, ಪಾಸ್‌ವರ್ಡು ಮೂರು ಕೇಂದ್ರಗಳಿಗೆ ಬಿಟ್ಟು ಹೊರಗೆ ಯಾರಿಗಾದರೂ ಗೊತ್ತಿದೆಯೇ ಎಂದು ಒಂದೊಂದಾಗಿ ಫೋನು ಮಾಡಿ ಕೇಳಿದಳು. ರಾಘಣ್ಣ ಸ್ವಲ್ಪವೂ ತಡವರಿಸದೆ ಹೇಳಿದರು:

"ಗೊತ್ತಿಲ್ಲದೇನು, ಬಂದ ಭಕ್ತರಿಗೆಲ್ಲಾ ನಾನೇ ಕೊಟ್ಟೇನಲ್ಲ. ಪಾಪ, ಬಸ್ಸು ನೋಡಬೇಕು, ರೈಲು ನೋಡಬೇಕು, ಮನಿಗೆ ಫೋಟೋ ಕಳಸಬೇಕು ಅಂತಾರ. ಕೇಳಿದವರಿಗೆ ಇಲ್ಲ ಅನ್ನೋದು ನಮ್ಮ ಮನಿಯೊಳಗ ಯಾರೂ ಕಲಿಸಿಲ್ಲವಾ."

ಇದು ಬೇರೆ ಯಾವ ಊರಿನವರಿಗೂ ಹೊಳೆಯದ ತಪ್ಪು. ಆ ಮನೆಯಲ್ಲಿ ಅಪರಾತ್ರಿ ಬಂದವರಿಗೂ ಚಾಪೆ ಸಿಗುತ್ತದೆ, ಹಸಿದು ಬಂದವರಿಗೆ ಸಾರನ್ನ ಸಿಗುತ್ತದೆ. ನೀರು ಕೇಳಿದವರನ್ನು ಯಾವ ಊರು ಎಂದು ವಿಚಾರಿಸದ ಹಾಗೆ ನೆಟ್ಟು ಕೇಳಿದವರನ್ನೂ ವಿಚಾರಿಸಿರಲಿಲ್ಲ. ನಮ್ಮ ಮಹಡಿಯ ವೈಫೈ ಪ್ರಾಕ್ಸಿಯ ಮೂಲಕವಲ್ಲದೆ ಹೊರಗೆ ಬಿಡುತ್ತಿರಲಿಲ್ಲ. ಅದಕ್ಕೆ ಅವರು ಭಕ್ತರ ಫೋನನ್ನು ಕೈಗೆ ತೆಗೆದುಕೊಂಡು, ಪ್ರಾಕ್ಸಿಯ ವಿಳಾಸವನ್ನೂ ಪಾಸ್‌ವರ್ಡನ್ನೂ ತಾವೇ ತುಂಬಿಕೊಡುತ್ತಿದ್ದರು. ಹಾಗೆ ಬಂದವರಲ್ಲಿ ಯಾರೋ ಊರಿಗೆ ಹೋಗಿ ಗೆಳೆಯರಿಗೆ ಕೊಟ್ಟರು, ಗೆಳೆಯರು ಇನ್ನಾರಿಗೋ ಕೊಟ್ಟರು. ಪ್ರಸಾದದ ಹಾಗೆ ಹಂಚಿಹೋಗಿ ಕೊನೆಗೆ ಕಸ ಕಳಿಸುವವರ ಕೈಗೂ ಸಿಕ್ಕಿತ್ತು.

ಅಂದೇ ರಾಘಣ್ಣ ಬಸ್ಸು ಹಿಡಿದು ಆದವಾನಿಗೆ ಬಂದರು. ಹುಲಿಗೆಮ್ಮ ಹೊಳಗುಂದದಿಂದ ಫೋನಿನಲ್ಲಿದ್ದಳು, ಮೇಜಿನ ಮೇಲೆ ಸ್ಪೀಕರ್ ಹಾಕಿಟ್ಟಿದ್ದೆವು. ಅವರು ಬಂದು ಕುಳಿತದ್ದು ತಿಳಿದ ಕೂಡಲೇ ಅವಳು ಅಂದಳು:

"ಆಚಾರ್ರ, ನಮ್ಮ ಉಣ್ಣೋ ತಾಟನೂ ಎತ್ತಿ ಭಕ್ತರಿಗೆ ಬಡಿಸಿಬಿಟ್ರಿ ಕದಾ, ಅಲ್ಲೇನ್ರಿ?"

ರಾಘಣ್ಣ ತಮ್ಮ ಕೇಂದ್ರವನ್ನೇ ಈ ಕೆಲಸದಿಂದ ತೆಗೆದುಬಿಡಿ, ಅಧಿಕಾರಿಗೆ ಹಾಗೆಂದೇ ಹೇಳಿಬಿಡಿ, ಆ ಹೆಣ್ಣುಮಕ್ಕಳ ಕೆಲಸ ಉಳಿಯಲಿ ಎಂದರು. ನಿಜ ಹೇಳಬೇಕೆಂದರೆ ಸರಸ್ವತಿಯ ಮನಸ್ಸಿನಲ್ಲೂ ಅದೇ ಇತ್ತು. ಕೆಟ್ಟ ದಾರವನ್ನು ಕಿತ್ತರೆ ಬೋರ್ಡು ಸರಿಹೋಗುತ್ತದೆ. ಬೇಡವೆಂದವಳು ಹುಲಿಗೆಮ್ಮನೇ.

"ಅವರನ್ನ ತಗದ್ರ ಆ ಡಾಕ್ಟರ ಅಕ್ಷರ ಯಾರು ಓದ್ಯಾರು? ತಪ್ಪು ಓದಿ ಕೆಲಸ ಕಳಕೊಳ್ಳೂದಕ್ಕಿಂತ ಇವರಿಗೆ ಒಂದು ಬೀಗ ಹಾಕೂದು ಕಲಸ್ರಿ."

ನಾನು ಎಷ್ಟೋ ವರ್ಷ ಕೆಲಸ ಮಾಡಿದ್ದೇನೆ, ಎಷ್ಟೋ ಸಭೆಗಳಲ್ಲಿ ಕುಳಿತಿದ್ದೇನೆ. ತನ್ನ ಅನ್ನಕ್ಕೇ ಕಲ್ಲು ಬಿದ್ದಿರುವಾಗ ಇಷ್ಟು ನೇರವಾಗಿ ಯೋಚಿಸಿದವರು ಕಡಿಮೆ. ಆ ಒಂದು ಮಾತಿನಿಂದ ನಮಗೆ ಮುಂದಿನ ದಾರಿ ಸಿಕ್ಕಿತು.

ಹಳೆಯ ಯಂತ್ರವನ್ನು ತೊಳೆದು ಬಳಸುವುದು ಬೇಡವೆಂದು ಸರಸ್ವತಿ ಹೊಸದನ್ನೇ ಕಟ್ಟಿ ನಿಲ್ಲಿಸಿದಳು, ಹೊಸ ವಿಳಾಸದೊಂದಿಗೆ. ಈ ಸಲ ಪ್ರಾಕ್ಸಿಗೆ ಕೊಟ್ಟ ನಿಯಮಗಳು ಬೇರೆ. ಇಲ್ಲಿ ಹೊಸಬರು ಒಂದು ಮಾತು ಗಮನಿಸಬೇಕು. ಪ್ರಾಕ್ಸಿ ತನ್ನ ನಿಯಮಗಳನ್ನು ಮೇಲಿನಿಂದ ಕೆಳಗೆ ಓದುತ್ತಾ ಬರುತ್ತದೆ, ಮೊದಲು ಹೊಂದಿದ್ದನ್ನೇ ಪಾಲಿಸಿ ನಿಲ್ಲುತ್ತದೆ. ಎಲ್ಲರನ್ನೂ ತಡೆ ಎಂಬ ಸಾಲು ಮೇಲಿದ್ದರೆ ನಮ್ಮವರೂ ಒಳಗೆ ಬರುವುದಿಲ್ಲ, ಅದು ಇಲ್ಲವೇ ಇಲ್ಲದಿದ್ದರೆ ಊರೆಲ್ಲಾ ಒಳಗಿರುತ್ತದೆ. ಅದು ಕೊನೆಯ ಸಾಲಾಗಿರಬೇಕು, ಮತ್ತು ಇರಲೇಬೇಕು. ಅದರ ಮೇಲೆ ಅವಳು ಬರೆದದ್ದು ಇಷ್ಟೇ: ಹೆಸರು ಹೇಳಿ ಗುರುತು ತೋರಿಸಿದವರು, ಆಸ್ಪತ್ರೆಯ ಆ ಒಂದು ಜಾಗಕ್ಕೆ ಮಾತ್ರ ಹೋಗಬಹುದು. ಮೂರು ಕೇಂದ್ರಕ್ಕೆ ಒಂದೇ ಪಾಸ್‌ವರ್ಡು ಇದ್ದದ್ದು ಹೋಗಿ ಪ್ರತಿಯೊಬ್ಬಳಿಗೂ ಅವಳದೇ ಆಯಿತು. ಕೇಂದ್ರದಿಂದ ಪ್ರಾಕ್ಸಿಯವರೆಗಿನ ದಾರಿಯೂ ಯಾರೂ ಇಣುಕಿ ನೋಡದ ಹಾಗೆ ಮುಚ್ಚಿದ ದಾರಿಯಾಯಿತು.

ರಾಘಣ್ಣ ಎಲ್ಲವನ್ನೂ ಪಕ್ಕದಲ್ಲಿ ಕುಳಿತು ಕೇಳಿದರು. ಅವರಿಗಿದ್ದದ್ದು ಒಂದೇ ತೊಡಕು. ನಾಳೆ ಬಸ್ಸಿಳಿದು ಬಂದ ಮುದುಕಿಯೊಬ್ಬಳು ಮಗನಿಗೆ ಫೋಟೋ ಕಳಿಸಬೇಕು ಎಂದರೆ ಏನು ಹೇಳಲಿ ಎಂದು ಕೇಳಿದರು. ನಾನಾಗಿದ್ದರೆ ಆಗುವುದಿಲ್ಲ ಎಂದು ಹೇಳಿ ಎನ್ನುತ್ತಿದ್ದೆ. ಸರಸ್ವತಿ ಹಾಗೆ ಹೇಳಲಿಲ್ಲ. ಕೆಳಗಿನ ವಸತಿಗೃಹಕ್ಕೆ ಒಂದು ಬೇರೆಯೇ ಸಂಪರ್ಕ ಹಾಕಿಸಿದಳು. ನಮ್ಮ ಯಂತ್ರದ ಹತ್ತಿರವೂ ಸುಳಿಯದ, ಅತಿಥಿಗಳದೇ ಆದ ವೈಫೈ.

"ಕೊಡೋ ಕೈ ಕಟ್ಟಬಾರದ್ರಿ ಮೇಡಂ," ಎಂದಳು ನನಗೆ. "ಕೊಡೂದು ಒಂದು ಕಡಿ ಇಡಾಮು, ಕಾಯೂದು ಒಂದು ಕಡಿ."

ಮನುಷ್ಯರ ಸ್ವಭಾವವನ್ನು ತಿದ್ದಲು ಹೊರಟ ಅಧಿಕಾರಿಗಳನ್ನು ಬಹಳ ಜನರನ್ನು ನೋಡಿದ್ದೇನೆ. ಸ್ವಭಾವಕ್ಕೆ ತಕ್ಕ ಹಾಗೆ ತಂತಿ ಎಳೆದವಳು ಇವಳೊಬ್ಬಳು. ಆಮೇಲೆ ಪರೀಕ್ಷೆ ಮಾಡುವಾಗಲೂ ಅವಳ ಕ್ರಮವೇ ಬೇರೆ. ಬಿಡಬೇಕಾದವರನ್ನು ಬಿಡುತ್ತದೆಯೇ ಎಂದು ಎಲ್ಲರೂ ನೋಡುತ್ತಾರೆ. ಅವಳು ತಡೆಯಬೇಕಾದದ್ದನ್ನು ತಡೆಯುತ್ತದೆಯೇ ಎಂದು ಮೊದಲು ನೋಡಿದಳು. ಹುಲಿಗೆಮ್ಮನಿಂದ ತಪ್ಪು ಪಾಸ್‌ವರ್ಡು ಹಾಕಿಸಿದಳು, ಸರಿಯಾದ ಪಾಸ್‌ವರ್ಡಿನಿಂದ ಸಿನಿಮಾ ನೋಡಲು ಹೇಳಿದಳು, ಗುರುತೇ ಇಲ್ಲದ ಫೋನಿನಿಂದ ಒಳಗೆ ಬರುವ ಪ್ರಯತ್ನ ಮಾಡಿಸಿದಳು. ಪ್ರತಿ ಸಲವೂ ಹುಲಿಗೆಮ್ಮ ಅತ್ತ ಕಡೆಯಿಂದ "ಬಿಡವಲ್ದು" ಎಂದು ಸಂತೋಷದಿಂದ ವರದಿ ಕೊಡುತ್ತಿದ್ದಳು.

ವೇಣುಗೋಪಾಲ್ ಹೇಳಿದ ದಿನವೇ ಬಂದರು. ದರ್ಶನ ಮುಗಿಸಿ, ಹಣೆಯ ಮೇಲಿನ ಗಂಧ ಇನ್ನೂ ಹಸಿ ಇರುವಾಗಲೇ ಮಹಡಿ ಹತ್ತಿದರು. ನಾನು, ಸರಸ್ವತಿ ಅಲ್ಲಿದ್ದೆವು. ಹುಲಿಗೆಮ್ಮನೂ ಹಟ ಮಾಡಿ ಹೊಳಗುಂದದಿಂದ ಬಂದಿದ್ದಳು. ತನ್ನ ಕೆಲಸ ಇರುತ್ತದೋ ಹೋಗುತ್ತದೋ ಎಂಬುದನ್ನು ಫೋನಿನಲ್ಲಿ ಕೇಳುವವಳು ತಾನಲ್ಲ ಎಂದು ಹೇಳಿ, ಕಿಟಕಿಯ ಪಕ್ಕದ ಕಂಪ್ಯೂಟರಿನ ಮುಂದೆ ಕುಳಿತಿದ್ದಳು. ಆಸ್ಪತ್ರೆಯವರು ಬಾಗಿಲು ತೆರೆಯದಿದ್ದುದರಿಂದ ಅವಳ ಪರದೆಯ ಮೇಲೆ ಇನ್ನೂ ಪ್ರವೇಶವಿಲ್ಲ ಎಂದೇ ಇತ್ತು.

ಅವರು ಸರಸ್ವತಿಯ ನಿಯಮಗಳನ್ನು ಒಂದೊಂದು ಸಾಲು ಓದಿದರು. ತಮ್ಮ ಫೋನಿನಿಂದ ನಮ್ಮ ಯಂತ್ರವನ್ನು ತಟ್ಟಿ ನೋಡಿದರು, ಅದು ಉತ್ತರ ಕೊಡಲಿಲ್ಲ. ತಲೆಯಾಡಿಸಿದರು, ಆದರೆ ಒಪ್ಪಿದೆ ಎನ್ನಲಿಲ್ಲ. ಆಮೇಲೆ ರಾಘಣ್ಣನ ಕಡೆ ತಿರುಗಿ, ಬಹಳ ಸಲಿಗೆಯಿಂದ, ತೆಲುಗು ಕನ್ನಡ ಎರಡೂ ಬೆರೆಸಿ ಅಂದರು:

"ಸ್ವಾಮಿ, ಒಕ್ಕಸಾರಿ ನಿಮ್ಮ ಹೆಸರು ಪಾಸ್‌ವರ್ಡು ಕೊಡಿ. ನಾನೇ ಒಳಗೆ ಹೋಗಿ ನೋಡ್ತೀನಿ."

ರಾಘಣ್ಣನ ಮುಖ ನೋಡಿದೆ. ಎದುರಿಗೆ ನಿಂತವರು ದರ್ಶನಕ್ಕೆ ಬಂದ ಅತಿಥಿ. ರಾಘಣ್ಣನದೇ ಮನೆಯ ಮಹಡಿಯ ಮೇಲೆ ನಿಂತು ಕೇಳುತ್ತಿದ್ದಾರೆ. ಅದೂ ಅಲ್ಲದೆ ಕೆಲಸ ಕೊಡುವವರೂ ಅವರೇ, ಕಸಿಯುವವರೂ ಅವರೇ. ಹುಲಿಗೆಮ್ಮ ಕೀಲಿಮಣೆಯ ಮೇಲಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ನಮ್ಮಲ್ಲಿ ಯಾರೂ ಅವರಿಗೆ ಹೀಗೆ ಹೇಳಿ ಎಂದು ಕಲಿಸಿರಲಿಲ್ಲ. ಅವರು ಹೆಗಲ ಮೇಲಿನ ವಸ್ತ್ರವನ್ನು ಸರಿಮಾಡಿಕೊಂಡರು.

"ಸಾರ್, ಊಟಕ್ಕ ಎಲಿ ಹಾಕಿಸೇನಿ. ಕೋಣೆ ಬೇಕಂದ್ರ ನಂದೇ ಬಿಟ್ಟುಕೊಡ್ತೀನಿ. ಇದು ಮಾತ್ರ ಕೊಡಲಿಕ್ಕೆ ಬರೂದಿಲ್ಲ."

"ಎಂದುಕು, ಯಾಕೆ? ಕೆಲಸ ಕೊಟ್ಟವನು ನಾನೇ ಕದಾ?"

"ಹೌದ್ರಿ. ನೀವು ಹೇಳಿದ್ರ ಈ ಹುಡುಗಿ ನಿಮ್ಮ ಹೆಸರಿಗೇ ಒಂದು ಮಾಡಿಕೊಡ್ತಾಳ. ನಂದು ಕೊಟ್ಟರ, ನೀವು ಮಾಡಿದ್ದಕ್ಕೂ ನನ್ನ ಹೆಸರು ಬೀಳ್ತದ. ಆಮೇಲೆ ಈ ಹುಲಿಗೆಮ್ಮ ಕೂತ ಕುರ್ಚಿಗೆ ನಾನು ಏನು ಉತ್ತರಾ ಹೇಳಲಿ?"

ಇಷ್ಟು ಹೇಳುವಷ್ಟರಲ್ಲಿ ಅವರ ಕುತ್ತಿಗೆ ಬೆವರಿತ್ತು. ಹುಟ್ಟಿದಂದಿನಿಂದ ನಾಲಿಗೆಗೆ ಬಾರದ ಮಾತನ್ನು ಆಡುವುದು ಎಷ್ಟು ಕಷ್ಟವೆಂದು ಅಂದು ನೋಡಿದೆ. ಫೈರ್‌ವಾಲ್ ಬರೆಯಲು ಸರಸ್ವತಿಗೆ ಒಂದು ದಿನ ಸಾಕಾಗಿತ್ತು.

ಅದು ವೇಣುಗೋಪಾಲ್ ಬೇಕೆಂದು ಒಡ್ಡಿದ ಪರೀಕ್ಷೆಯೋ, ಸಹಜವಾಗಿ ಕೇಳಿದ್ದೋ ನನಗೆ ಇಂದಿಗೂ ತಿಳಿಯದು, ನಾನು ಕೇಳಲೂ ಇಲ್ಲ. ಅವರು ಕಿಟಕಿಯ ಬಳಿಗೆ ನಡೆದರು. ಫೋನು ತೆಗೆದು ಹೈದರಾಬಾದಿಗೆ ಹಚ್ಚಿ, ನಮ್ಮ ಹೊಸ ವಿಳಾಸದ ಅಂಕಿಗಳನ್ನು ನಿಧಾನವಾಗಿ ಓದಿ ಹೇಳಿ, ಅತ್ತ ಕಡೆಯವರಿಂದ ಮತ್ತೊಮ್ಮೆ ಹೇಳಿಸಿ ಕೇಳಿಕೊಂಡರು. ಅದನ್ನು ನಾನು ಮೆಚ್ಚಿದೆ. ಬೋರ್ಡಿನಲ್ಲಿ ಕುಳಿತಿದ್ದರೆ ಒಳ್ಳೆಯ ಆಪರೇಟರ್ ಆಗುತ್ತಿದ್ದರು.

ಹುಲಿಗೆಮ್ಮನ ಪರದೆ ಒಮ್ಮೆ ಬೆಳ್ಳಗಾಗಿ, ಅದರ ಮೇಲೆ ಯಾವುದೋ ಹಳೆಯ ರೋಗಿಯ ಹಾಳೆ ಮೂಡಿತು. ನಾವೆಲ್ಲ ಅದನ್ನು ನೋಡುತ್ತಾ ನಿಂತೆವು. ಅಧಿಕಾರಿಯೂ ಕೈಯಲ್ಲಿ ಫೋನು ಹಿಡಿದು, ಅವಳಿಗೂ ಕಿಟಕಿಗೂ ನಡುವೆ ನಿಂತು, ಒಂದೆರಡು ಒಳ್ಳೆಯ ಮಾತು ಹೇಳಬೇಕೆಂದು ಗಂಟಲು ಸರಿಮಾಡಿಕೊಂಡರು. ಹುಲಿಗೆಮ್ಮ ಆಗಲೇ ಟೈಪ್ ಮಾಡಲು ಶುರು ಮಾಡಿದ್ದಳು. ಕಣ್ಣು ಎತ್ತದೆಯೇ ಅಂದಳು:

"ಸಾರ್, ಸ್ವಲ್ಪ ಆಕಡಿ ಸರೀರಿ. ಬೆಳಕಿಗೆ ಅಡ್ಡ ನಿಂತೀರಿ."

ಅವರು ಸರಿದು ನಿಂತರು.